ತೇಗದ ಪಟ್ಟಿಯ ಸ್ಕ್ರೂ ತೂತು ಕಾಣದ ಹಾಗೆ ಮುಚ್ಚೋದು ಹೇಗೆ?

ಮುಂಬಾಗಿಲ ದಾರಂದದ ಸುತ್ತ ತೇಗದ ಪಟ್ಟಿ ಕೂರಿಸಿದ್ದಾರೆ, ಸ್ಕ್ರೂ ತಲೆಗಳು ಎದ್ದು ಕಾಣುತ್ತಿವೆ, ಪಾಲಿಶ್ ಇನ್ನೂ ಆಗಿಲ್ಲ, "ಫೆವಿಕಾಲ್‌ಗೆ ಮರದ ಹೊಟ್ಟು ಕಲಸಿ ಮೆತ್ತಿದ್ರೆ ಗೊತ್ತೇ ಆಗಲ್ಲ" ಅಂತ ಆಚಾರ್ರು ಹೇಳ್ತಿದ್ದಾರೆ, ಒಪ್ಪಲಾ ಅಂತ ಕೇಳಿದ್ದೀರಿ.

ಒಪ್ಪಬೇಡಿ. ನಾನು ಒಪ್ಪಿ ಕೆಟ್ಟವನು. ಮೆತ್ತಿ, ಉಜ್ಜಿದ ದಿನ ನಿಜವಾಗಿಯೂ ಗೊತ್ತಾಗಲಿಲ್ಲ. ಪಾಲಿಶ್‌ನ ಮೊದಲ ಕೈ ಬಿದ್ದದ್ದೇ ತಡ, ಪಟ್ಟಿಯುದ್ದಕ್ಕೂ ಗೇಣಿಗೊಂದು ಕಪ್ಪು ಚುಕ್ಕೆ. ಗೃಹಪ್ರವೇಶಕ್ಕೆ ಬಂದ ಪಕ್ಕದ ಮನೆಯ ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಹೊಸ ಮರಕ್ಕೇ ಹುಳ ಬಿತ್ತೇನಪ್ಪಾ?" ಅಂದರು.

ತಪ್ಪು ಆಚಾರ್ರ ಕೈಯದ್ದಲ್ಲ, ಅಂಟಿನದ್ದು. ಫೆವಿಕಾಲ್ ಒಣಗಿದರೆ ಪ್ಲಾಸ್ಟಿಕ್ಕಿನ ಹಾಗೆ, ಬಣ್ಣವನ್ನಾಗಲಿ ಪಾಲಿಶ್ ಅನ್ನಾಗಲಿ ಒಳಗೆ ಬಿಟ್ಟುಕೊಳ್ಳಲ್ಲ. ಅದರಲ್ಲಿ ನೆನೆದ ಹೊಟ್ಟು ಸುತ್ತಲಿನ ಮರಕ್ಕಿಂತ ಕಪ್ಪಾಗಿಯೇ ನಿಲ್ಲುತ್ತೆ. ಜೊತೆಗೆ ಹೊಟ್ಟಿಗೆ ಎಳೆ ಇಲ್ಲ. ಉದ್ದುದ್ದ ಹರಿದಿರುವ ಎಳೆಗಳ ಮಧ್ಯೆ ಎಳೆಯೇ ಇಲ್ಲದ ಒಂದು ದುಂಡು ಜಾಗ ಬಿದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ.

ಪಾಲಿಶ್ ಮಾಡೋ ಮರಕ್ಕೆ ಮರದ್ದೇ ಬಿರಡೆ ಹೊಡೆಸಿ, ಅಂದರೆ ಸ್ಕ್ರೂ ತಲೆಯನ್ನು ಮರದೊಳಗೆ ಇಳಿಸಿ, ಅದರ ಮೇಲಿನ ತೂತಿಗೆ ಮರದ ದುಂಡು ತುಂಡು. ಅಂಥ ಬಿರಡೆ ಕತ್ತರಿಸೋಕೆ ಡ್ರಿಲ್ಲಿಗೆ ಹಾಕುವ ಪ್ಲಗ್ ಕಟರ್ ಅಂತ ಸಿಗುತ್ತೆ, 10 ಮಿ.ಮೀ.ದು ಸಾಕು. 8ನೇ ನಂಬರ್ ಸ್ಕ್ರೂವಿನ ತಲೆ ಸುಮಾರು 8 ಮಿ.ಮೀ. ಇರೋದರಿಂದ ಅದು ಆರಾಮಾಗಿ ಮುಚ್ಚಿಹೋಗುತ್ತೆ. ಬಿರಡೆಯನ್ನು ಅದೇ ಪಟ್ಟಿಯಿಂದ ಉಳಿದ ತುಂಡಿನಲ್ಲೇ ಕತ್ತರಿಸಬೇಕು. ಅದಕ್ಕೇ ಇವತ್ತೇ ಹೋಗಿ ಆ ತುಂಡುಗಳನ್ನು ಎತ್ತಿಡಿ, ಇಲ್ಲದಿದ್ದರೆ ಯಾರದ್ದೋ ಮನೆಯ ಹಂಡೆ ಒಲೆ ಸೇರಿಬಿಡುತ್ತವೆ. ಅಂಗಡಿಯಲ್ಲಿ ಮಾರುವ ದುಂಡು ಕಡ್ಡಿಯನ್ನು ಕತ್ತರಿಸಿ ತುಂಬೋದು ಬೇಡ. ಅದರಲ್ಲಿ ಎಳೆ ಕಡ್ಡಿಯ ಉದ್ದಕ್ಕೆ ಓಡಿರುತ್ತೆ, ತೂತಿಗೆ ಹಾಕಿದಾಗ ಕೊಯ್ದ ತುದಿ ಮೇಲೆ ಬರುತ್ತೆ, ಆ ತುದಿ ಪಾಲಿಶ್ ಅನ್ನು ಗಟಗಟ ಕುಡಿದು ಮತ್ತೆ ಕಪ್ಪು ಚುಕ್ಕೆ!

ನಿಮ್ಮ ಕೆಲಸದಲ್ಲಿ ಒಂದು ತೊಡಕಿದೆ. ಸ್ಕ್ರೂ ಆಗಲೇ ಹೊಡೆದಾಗಿದೆ. ಬಿಚ್ಚಿ ಅದೇ ತೂತನ್ನು 10 ಮಿ.ಮೀ.ಗೆ ದೊಡ್ಡದು ಮಾಡಹೋದರೆ ಡ್ರಿಲ್ ಬಿಟ್ಟಿನ ಮೂತಿಗೆ ಹಿಡಿತವೇ ಇರಲ್ಲ, ಅದು ಅತ್ತಿತ್ತ ಓಡಿ ಅಂಚು ಕಿತ್ತುಹಾಕುತ್ತೆ. ಒಂದು ಪ್ಲೈವುಡ್ ಚೂರಿಗೆ 10 ಮಿ.ಮೀ. ತೂತು ಕೊರೆದು, ಅದನ್ನು ಹಳೇ ತೂತಿನ ಮೇಲೆ ಸರಿಯಾಗಿ ಕೂರಿಸಿ, ಕ್ಲಾಂಪ್‌ನಿಂದ ಬಿಗಿದು, ಅದರೊಳಗಿಂದ ಡ್ರಿಲ್ ಹಾಕಿಸಿ. ಡ್ರಿಲ್ ಬಿಟ್ ಅಲುಗಾಡಲ್ಲ. ಪಟ್ಟಿ 18-20 ಮಿ.ಮೀ. ದಪ್ಪ ಇದ್ದರೆ 7-8 ಮಿ.ಮೀ. ಆಳ ಸಾಕು. ಬಿಟ್ಟಿಗೆ ಆ ಅಳತೆಗೆ ಟೇಪ್ ಸುತ್ತಿದರೆ ಆಳ ತಪ್ಪಲ್ಲ.

ಸ್ಕ್ರೂ ಹೇಗೂ ಬಿಚ್ಚಿರುತ್ತೀರಿ, ಕಬ್ಬಿಣದ್ದಾಗಿದ್ದರೆ ಅದೇ ವೇಳೆ ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಿಸಿ. ಮರದಲ್ಲಿರುವ ಒಗರು, ಅಂದರೆ ಟ್ಯಾನಿನ್, ತೇವದಲ್ಲಿ ಕಬ್ಬಿಣದ ಜೊತೆ ಸೇರಿದರೆ ನೀಲಿಗಪ್ಪು ಕಲೆ ಬಿಡುತ್ತೆ. ಮತ್ತಿಯಂಥ ಒಗರಿನ ಮರದಲ್ಲಿ ಇದು ಜಾಸ್ತಿ. ಮಲೆನಾಡಿನ ಕಡೆಯಾಗಲಿ ಕರಾವಳಿಯಾಗಲಿ ಮಳೆ ಎರಚಲು ಹೊಡೆಯುವ ಬಾಗಿಲಾದರೆ ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ತೇಗದಲ್ಲಿ ಎಣ್ಣೆ ಇರುತ್ತೆ. ಅಂಟು ಹಚ್ಚುವ ಮುಂಚೆ ಬಿರಡೆಯನ್ನೂ ತೂತನ್ನೂ ಥಿನ್ನರ್ ಬಟ್ಟೆಯಿಂದ ಒರೆಸಿ ಆರಲು ಬಿಡಿ. ಫೆವಿಕಾಲ್ ತೂತಿನ ಗೋಡೆಗೆ ಮಾತ್ರ, ತೆಳ್ಳಗೆ. ಬಿರಡೆಯ ಎಳೆ ಪಟ್ಟಿಯ ಎಳೆಯ ದಿಕ್ಕಿಗೇ ಇದೆಯಾ ನೋಡಿ ಕೊಡತಿಯಿಂದ ಮೆಲ್ಲಗೆ ತಟ್ಟಿ, ಹೊರಗೆ ಬಂದ ಅಂಟನ್ನು ಆಗಲೇ ಒದ್ದೆ ಬಟ್ಟೆಯಿಂದ ಒರೆಸಿ. ಮಾರನೇ ದಿನ ಉಳಿ ಹಿಡಿಯಿರಿ. ಎಲ್ಲರೂ ಎಡವೋದು ಇಲ್ಲೇ, ಒಂದೇ ಏಟಿಗೆ ಮಟ್ಟ ಮಾಡಹೋದರೆ ಎಳೆ ಕೆಳಮುಖ ಇದ್ದಾಗ ಬಿರಡೆ ಪಟ್ಟಿಯ ಮಟ್ಟಕ್ಕಿಂತ ಕೆಳಗೆ ಸಿಗಿದುಹೋಗುತ್ತೆ. ಮೊದಲು ಒಂದೆರಡು ಮಿ.ಮೀ. ಉಳಿಸಿ ಕತ್ತರಿಸಿ, ಸಿಗಿತ ಯಾವ ಕಡೆ ಏರುತ್ತೆ ಅಂತ ನೋಡಿಕೊಂಡು ಆ ಕಡೆಗೇ ಉಳಿ ಓಡಿಸಿ ಸವರುತ್ತಾ ಬನ್ನಿ. ಆಮೇಲೆ 120, 180ರ ಸ್ಯಾಂಡ್ ಪೇಪರ್. ಮೊದಲ ನಾಲ್ಕೈದು ಕೆಟ್ಟರೆ ಬೇಜಾರು ಬೇಡ, ನನ್ನವೂ ಕೆಟ್ಟಿದ್ದವು. ಕೆಟ್ಟದ್ದನ್ನು ಕೊರೆದು ತೆಗೆದು ಇನ್ನೊಂದು ಹೊಡೆದರಾಯ್ತು.

ಎಲ್ಲಾ ತೂತಿಗೂ ಬಿರಡೆ ಬೇಕಿಲ್ಲ. ಗಾಜು ಹಿಡಿದಿರುವ ಬೀಡಿಂಗ್, ಸೊಳ್ಳೆ ಜಾಲರಿಯ ಪಟ್ಟಿ, ಇವನ್ನು ಮುಂದೊಂದು ದಿನ ಬಿಚ್ಚಲೇಬೇಕು. ಅಲ್ಲಿ ಹಿತ್ತಾಳೆ ಸ್ಕ್ರೂ ಹಾಕಿಸಿ, ತಲೆಯ ಗೀರುಗಳನ್ನೆಲ್ಲ ಒಂದೇ ದಿಕ್ಕಿಗೆ ನಿಲ್ಲಿಸಿದರೆ ಕಂಡರೂ ಚೆಂದ. ಹಳೇ ಮನೆಗಳ ಹೆಬ್ಬಾಗಿಲಲ್ಲಿ ಹಿತ್ತಾಳೆಯ ಗುಬ್ಬಿ ಮೊಳೆಗಳನ್ನು ಯಾರೂ ಬಚ್ಚಿಟ್ಟಿರಲಿಲ್ಲವಲ್ಲ.

ಒಳಗಿನ ಬಾಗಿಲುಗಳಿಗೆ ಪೇಂಟ್ ಹೊಡೆಸೋದಾದರೆ ಇಷ್ಟೆಲ್ಲ ಪಾಡು ಬೇಡ, ಎಂ-ಸೀಲ್ ತುಂಬಿ, ಗಟ್ಟಿಯಾದ ಮೇಲೆ ಉಜ್ಜಿ, ಪ್ರೈಮರ್ ಹೊಡೆದರೆ ಮುಗೀತು. ಗೋಡೆಗೆ ಬಳಿದು ಮಿಕ್ಕ ಪುಟ್ಟಿಯನ್ನು ಮಾತ್ರ ಮರಕ್ಕೆ ಹಾಕಲು ಬಿಡಬೇಡಿ. ಮರ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುವಾಗ ಅದು ಬಿರಿದು ಉದುರುತ್ತೆ.

ಇನ್ನು ನೀವು ಇದನ್ನು ಓದುವಷ್ಟರಲ್ಲಿ ಪಾಲಿಶ್ ಆಗಿಯೇ ಹೋಗಿದ್ದರೆ, ಮರದ ಬಣ್ಣದ ಮೇಣದ ಕಡ್ಡಿ ತಂದು ಎರಡು ಛಾಯೆ ಬೆರೆಸಿ ತೂತಿಗೆ ಒತ್ತಿ, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು ಮಟ್ಟ ಮಾಡಿ. ಮೇಣದ ಮೇಲೆ ಪಾಲಿಶ್ ಹಿಡಿಯಲ್ಲ, ಹಾಗಾಗಿ ಅದು ಕಟ್ಟಕಡೆಯ ಕೆಲಸ. ಪಡುವಣ ಬಿಸಿಲು ನೇರ ಬೀಳುವ ಬಾಗಿಲಾದರೆ ಅದೂ ಬೇಡ, ಮೆತ್ತಗಾಗಿ ಧೂಳು ಹಿಡಿಯುತ್ತೆ.