ವಾಹನ ಸಂವಾದ: ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಗೇರ್

ಮಳೆಗಾಲ ಹತ್ತಿರ ಬಂದರೆ ಬ್ರೇಕಿನ ಪ್ರಶ್ನೆಗಳು ಹೆಚ್ಚಾಗುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಕಾಲಿನ ಬ್ರೇಕಿಗಿಂತ ಕೈ ಬ್ರೇಕಿನದೇ ಜೋರು. ಮಡಿಕೇರಿಯಲ್ಲಿ ಗ್ಯಾರೇಜು ಇಟ್ಟುಕೊಂಡವನಿಗೆ ಇದು ಪ್ರಿಯವಾದ ವಿಷಯ. ನಮ್ಮೂರಿನಲ್ಲಿ ಸಮತಟ್ಟಾದ ಜಾಗದಲ್ಲೇ ಕಾರು ನಿಲ್ಲಿಸುತ್ತೇನೆ ಎಂದು ಹಟ ಹಿಡಿದವರು ಮೈಸೂರಿಗೆ ಹೋಗಿ ನಿಲ್ಲಿಸಿ ಬರಬೇಕಾಗುತ್ತದೆ.

ನಮ್ಮ ಮನೆ ಕಡಿದಾದ ಏರಿನಲ್ಲಿದೆ. ಕಾರನ್ನು ರಸ್ತೆ ಬದಿಯಲ್ಲೇ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದರೆ ಸಾಕು ಎನ್ನುತ್ತಾರೆ ಯಜಮಾನರು, ಗೇರಿನಲ್ಲಿ ಬಿಟ್ಟರೆ ಸಾಕು ಎನ್ನುತ್ತಾನೆ ಮಗ. ಯಾರ ಮಾತು ಸರಿ?
– ಗೃಹಿಣಿ, ಸಕಲೇಶಪುರ

ಇಬ್ಬರದೂ ಅರ್ಧ ಸರಿ. ಹಾಗಾಗಿ ಯಾರು ನಿಲ್ಲಿಸಿದರೂ ಕಾರು ಒಂದು ದಿನ ಜಾರಬಹುದು.

ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ, ಅದೂ ಉಕ್ಕಿನ ಕೇಬಲ್ ಮೂಲಕ. ವರ್ಷ ಕಳೆದಂತೆ ಕೇಬಲ್ ಸಡಿಲವಾಗುತ್ತದೆ, ಚಕ್ರದ ಜೊತೆ ತಿರುಗುವ ಬಟ್ಟಲಿನಂಥ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನರ್ ಎಂಬ ಪಟ್ಟಿ ಸವೆಯುತ್ತದೆ. ಗೇರ್ ಹಿಡಿಯುವುದು ಇಂಜಿನ್ ತಿರುಗಿಸುವ ಚಕ್ರಗಳನ್ನು; ಈಗಿನ ಸಣ್ಣ ಕಾರುಗಳಲ್ಲಿ ಬಹುಪಾಲು ಅವು ಮುಂದಿನವು. ಸಿಲಿಂಡರಿನೊಳಗೆ ಸಿಕ್ಕಿಕೊಂಡ ಗಾಳಿಯೇ ಅಲ್ಲಿನ ಮುಖ್ಯ ಹಿಡಿತ, ಅದು ಮೆಲ್ಲಗೆ ಸೋರಿಹೋಗುತ್ತದೆ. ಬರೀ ಗೇರಿನಲ್ಲಿ ಬಿಟ್ಟ ಹಳೆಯ ಕಾರುಗಳು ಏರಿನಲ್ಲಿ ಗೇಣುಗೇಣಾಗಿ ಇಳಿಯುವುದನ್ನು ಬೇಕಾದಷ್ಟು ನೋಡಿದ್ದೇನೆ. ಎರಡನ್ನೂ ಬಳಸಿದರೆ ನಾಲ್ಕೂ ಚಕ್ರಗಳಿಗೆ ಹಿಡಿತ ಸಿಗುತ್ತದೆ.

ಆದರೆ ಯಾವುದು ಮೊದಲು ಎಂಬುದೂ ಮುಖ್ಯ. ಕಾಲಿನ ಬ್ರೇಕ್ ಒತ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಈಗ ಕಾಲನ್ನು ಸ್ವಲ್ಪ ಸಡಿಲಿಸಿ. ಕಾರು ಒಂದಿಷ್ಟು ಕುಸಿದು ನಿಂತರೆ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕುಳಿತಿದೆ ಎಂದರ್ಥ. ಕುಸಿಯುತ್ತಲೇ ಹೋದರೆ ಮತ್ತೆ ಕಾಲು ಒತ್ತಿ, ಇನ್ನಷ್ಟು ಎಳೆಯಿರಿ. ಆಗಲೂ ನಿಲ್ಲದಿದ್ದರೆ ಗ್ಯಾರೇಜಿಗೆ ಬನ್ನಿ. ನಿಂತ ಮೇಲೆ ಇಂಜಿನ್ ಆರಿಸಿ ಗೇರ್ ಹಾಕಿ. ಮುಖ ಏರಿನ ಕಡೆಗಿದ್ದರೆ ಮೊದಲನೇ ಗೇರ್, ಇಳಿಜಾರಿನ ಕಡೆಗಿದ್ದರೆ ರಿವರ್ಸ್.

ಚಕ್ರ ತಿರುಗಿಸುವುದನ್ನು ನಮ್ಮಲ್ಲಿ ಯಾರೂ ಕಲಿಸುವುದಿಲ್ಲ. ರಸ್ತೆಯ ಎಡಬದಿಯಲ್ಲಿ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿ. ಏರಿಗೆ ಮುಖ ಮಾಡಿದ್ದು, ಪಕ್ಕದಲ್ಲಿ ಫುಟ್‌ಪಾತಿನ ಅಂಚುಗಲ್ಲು ಇದ್ದರೆ ಬಲಕ್ಕೆ ತಿರುಗಿಸಿ. ಜಾರಿದರೂ ಟೈರು ಕಲ್ಲಿಗೆ ಒರಗಿ ನಿಲ್ಲುತ್ತದೆ. ಅಂಚುಗಲ್ಲು ಇಲ್ಲದ ಕಡೆ ಎಡಕ್ಕೆ ತಿರುಗಿಸಿದರೆ ಕಾರು ರಸ್ತೆಗೆ ಬರದೆ ಬದಿಗೆ ಹೋಗುತ್ತದೆ. ಆ ಬದಿಯಲ್ಲಿ ಕಂದಕವಿದ್ದರೆ ಅಲ್ಲಿ ನಿಲ್ಲಿಸಲೇಬೇಡಿ. ಚಕ್ರಕ್ಕೆ ಕಲ್ಲು ಕೊಡುವುದು ಒಳ್ಳೆಯ ಪದ್ಧತಿಯೇ. ಆದರೆ ಹೊರಡುವಾಗ ಆ ಕಲ್ಲನ್ನು ತೆಗೆದು ಬದಿಗೆ ಹಾಕಿ. ಘಾಟಿಯ ತಿರುವುಗಳಲ್ಲಿ ಲಾರಿಯವರು ಬಿಟ್ಟುಹೋದ ಕಲ್ಲುಗಳು ರಾತ್ರಿ ಬೈಕಿನವರಿಗೆ ಯಮನಂತೆ ಕಾದಿರುತ್ತವೆ.

ಯಜಮಾನರು ಒಪ್ಪದಿದ್ದರೆ ಕಾನೂನನ್ನೂ ತೋರಿಸಬಹುದು. ಚಾಲಕನಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸುವ ವಾಹನದ ಇಂಜಿನ್ ಆರಿಸಿ, ಬ್ರೇಕ್ ಹಾಕಿ, ಅದು ತಾನಾಗಿ ಚಲಿಸದಂತೆ ನೋಡಿಕೊಳ್ಳಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್. ಇನ್ನು ಮಗನಿಗೊಂದು ಮಾತು: ಗೇರಿನಲ್ಲಿ ಬಿಟ್ಟ ಕಾರನ್ನು ಕ್ಲಚ್ ಒತ್ತದೆ ಸ್ಟಾರ್ಟ್ ಮಾಡಿದರೆ ಅದು ಎದುರಿನ ಗೋಡೆಗೇ ಹಾರಬಹುದು.

ನನ್ನದು ಆಟೊಮ್ಯಾಟಿಕ್ ಕಾರು. ಅಪಾರ್ಟ್‌ಮೆಂಟಿನ ಇಳಿಜಾರಿನಲ್ಲಿ ‘ಪಿ’ಗೆ (ಪಾರ್ಕ್) ಹಾಕಿ ನಿಲ್ಲಿಸುತ್ತೇನೆ. ಬೆಳಿಗ್ಗೆ ಲಿವರ್ ತೆಗೆಯುವಾಗ ‘ಟಕ್’ ಎಂದು ಜೋರಾಗಿ ಹೊಡೆದುಕೊಳ್ಳುತ್ತದೆ. ಗೇರ್‌ಬಾಕ್ಸ್ ಕೆಟ್ಟಿದೆಯೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಇನ್ನೂ ಕೆಟ್ಟಿರಲಾರದು. ‘ಪಿ’ಗೆ ಹಾಕಿದಾಗ ಗೇರ್‌ಬಾಕ್ಸಿನೊಳಗೆ ಬೆರಳಿನಷ್ಟು ದಪ್ಪದ ಲೋಹದ ಕೊಕ್ಕೆಯೊಂದು ಹಲ್ಲುಚಕ್ರದ ಸಂದಿಗೆ ಬಿದ್ದು ಕೂರುತ್ತದೆ. ನೀವು ಹ್ಯಾಂಡ್‌ಬ್ರೇಕ್ ಎಳೆಯದೆ ಕಾಲು ತೆಗೆಯುತ್ತಿದ್ದೀರಿ. ಹಾಗಾಗಿ ಒಂದು ಟನ್ ತೂಕದ ಕಾರು ರಾತ್ರಿಯಿಡೀ ಆ ಕೊಕ್ಕೆಗೆ ನೇತುಬಿದ್ದಿರುತ್ತದೆ. ‘ಟಕ್’ ಎನ್ನುವುದು ಅದರ ಗೊಣಗಾಟ. ಮೇಲೆ ಹೇಳಿದ ಕ್ರಮವೇ ಇಲ್ಲಿಗೂ ಸರಿ: ಬ್ರೇಕ್ ಒತ್ತಿ, ‘ಎನ್’ಗೆ (ನ್ಯೂಟ್ರಲ್) ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಸಡಿಲಿಸಿ ಭಾರ ಕೂರಿಸಿ, ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ. ಹೊರಡುವಾಗ ಬ್ರೇಕ್ ಒತ್ತಿಕೊಂಡು ‘ಪಿ’ಯಿಂದ ಮೊದಲು ತೆಗೆಯಿರಿ, ಹ್ಯಾಂಡ್‌ಬ್ರೇಕ್ ಆಮೇಲೆ ಇಳಿಸಿ.

ಎಎಂಟಿ ಎಂಬ ಅಗ್ಗದ ಆಟೊಮ್ಯಾಟಿಕ್ ಕಾರುಗಳವರೂ ಇದನ್ನು ಓದುತ್ತಿರಬಹುದು. ನಮ್ಮಲ್ಲಿ ಮಾರಾಟವಾಗುವ ಅಂಥ ಹಲವು ಕಾರುಗಳಲ್ಲಿ ‘ಪಿ’ ಇರುವುದೇ ಇಲ್ಲ. ‘ಎನ್’ನಲ್ಲಿ ಬಿಟ್ಟು ಇಳಿದರೆ ಉಳಿಯುವುದು ಹ್ಯಾಂಡ್‌ಬ್ರೇಕ್ ಒಂದೇ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಗೇರಿನಲ್ಲಿಟ್ಟು ಆರಿಸುವ ವಿಧಾನ ಬರೆದಿರುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದು ಎರಡು ವಾರ ಊರಿಗೆ ಹೋಗಿದ್ದೆ. ಬಂದು ನೋಡಿದರೆ ಲಿವರ್ ಇಳಿಸಿದರೂ ಹಿಂದಿನ ಚಕ್ರ ಅಲ್ಲಾಡುತ್ತಿಲ್ಲ.
– ಕಾಫಿ ಬೆಳೆಗಾರ, ಸೋಮವಾರಪೇಟೆ

ಮಳೆಗಾಲದ ಮಾಮೂಲಿ ಕಾಯಿಲೆ. ಒದ್ದೆ ಡ್ರಮ್ಮು ತುಕ್ಕು ಹಿಡಿಯುವಾಗ ಒತ್ತಿಕೊಂಡಿದ್ದ ಲೈನರನ್ನೂ ಸೇರಿಸಿ ಹಿಡಿದುಕೊಳ್ಳುತ್ತದೆ. ಮೊದಲನೇ ಗೇರಿನಲ್ಲಿ ಒಮ್ಮೆ, ರಿವರ್ಸಿನಲ್ಲಿ ಒಮ್ಮೆ, ಕ್ಲಚ್ಚನ್ನು ಮೆತ್ತಗೆ ಬಿಡುತ್ತ ಹಿಂದೆ ಮುಂದೆ ಆಡಿಸಿ. ಹೆಚ್ಚಿನ ಸಲ ‘ಟಣ್’ ಎಂದು ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಆಕ್ಸಿಲರೇಟರ್ ಒತ್ತಿ ಎಳೆದಾಡಬೇಡಿ, ಲೈನರ್ ತನ್ನನ್ನು ಹೊತ್ತ ಶೂ ಎಂಬ ಲೋಹದ ಕಮಾನಿನಿಂದ ಕಿತ್ತುಬಂದೀತು. ಮೆಕ್ಯಾನಿಕ್ ಚಕ್ರ ಬಿಚ್ಚಿ ಡ್ರಮ್ಮಿಗೆ ಸುತ್ತಿಗೆಯಿಂದ ನಾಲ್ಕು ತಟ್ಟಿದರೆ ಮುಗಿಯಿತು.

ಬಹಳ ದಿನ ನಿಲ್ಲಿಸುವುದಿದ್ದರೆ ಸಮತಟ್ಟಾದ ಜಾಗ, ಗೇರು, ಚಕ್ರದ ಎರಡೂ ಬದಿಗೆ ಮರದ ತುಂಡು. ಹ್ಯಾಂಡ್‌ಬ್ರೇಕ್ ಇಳಿಸಿಯೇ ಇರಲಿ. ಕಾರು ತೊಳೆದ ದಿನ ಬ್ರೇಕನ್ನು ಹಗುರವಾಗಿ ಒತ್ತುತ್ತ ಸ್ವಲ್ಪ ದೂರ ಓಡಿಸಿ, ಡ್ರಮ್ಮು ಒಣಗಿಸಿ, ಆಮೇಲೆ ನಿಲ್ಲಿಸಿ.

ಲಿವರ್ ಈಗ ಬಹಳ ಮೇಲಕ್ಕೆ ಬರುತ್ತಿದೆ. ಮೆಕ್ಯಾನಿಕ್ ಅದರ ಕೆಳಗಿನ ನಟ್ ಬಿಗಿ ಮಾಡಿಕೊಟ್ಟ. ಕಾರು ಈಗ ಭಾರ ಎನಿಸುತ್ತಿದೆ.
– ಶಿಕ್ಷಕ, ಶಿರಸಿ

ಅವಸರದ ರಿಪೇರಿ. ಮೊದಲು ಡ್ರಮ್ ಬಿಚ್ಚಿ ಲೈನರ್ ನೋಡಿ, ಶೂಗಳನ್ನು ಹೊಂದಿಸಬೇಕು, ಕೇಬಲ್ ಕೊನೆಗೆ. ಬರೀ ಕೇಬಲ್ ಬಿಗಿದರೆ ಲಿವರ್ ಇಳಿಸಿದಾಗಲೂ ಲೈನರ್ ಉಜ್ಜುತ್ತಿರುತ್ತದೆ. ಒಂದಷ್ಟು ದೂರ ಓಡಿಸಿ ಹಿಂದಿನ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಝಳ ಹೊಡೆದರೆ ಇಂದೇ ವಾಪಸು ಕೊಂಡೊಯ್ಯಿರಿ. ಎಷ್ಟು ‘ಕಟ್ ಕಟ್’ ಸದ್ದಿಗೆ ಲಿವರ್ ನಿಲ್ಲಬೇಕು ಎಂಬುದು ಸಾಮಾನ್ಯವಾಗಿ ಕಾರಿನ ಕೈಪಿಡಿಯಲ್ಲಿ ಇರುತ್ತದೆ.

ಹ್ಯಾಂಡ್‌ಬ್ರೇಕ್ ಇಳಿಸಿದ್ದರೂ ಕೆಂಪು ದೀಪ ಆಗಾಗ ಹೊತ್ತುತ್ತದೆ.
– ಔಷಧ ಅಂಗಡಿಯವರು, ಪುತ್ತೂರು

ಬ್ರೇಕ್ ಆಯಿಲ್ ಕಡಿಮೆಯಾದರೂ ಬಹಳಷ್ಟು ಕಾರುಗಳಲ್ಲಿ ಅದೇ ದೀಪ ಹೊತ್ತುತ್ತದೆ. ತಿರುವಿನಲ್ಲೋ ಇಳಿಜಾರಿನಲ್ಲೋ ಮಾತ್ರ ಹೊತ್ತಿದರೆ ಆಯಿಲೇ ಕಡಿಮೆ, ಅನುಮಾನವೇ ಬೇಡ. ಬಾನೆಟ್ ತೆರೆದು ಆಯಿಲ್ ಮಟ್ಟ ನೋಡದೆ ಮುಂದೆ ಹೋಗಬೇಡಿ.

ಚಾರ್ಮಾಡಿ ಇಳಿಯುವಾಗ ಕಾಲಿನ ಬ್ರೇಕ್ ಕೈಕೊಟ್ಟರೆ ಹ್ಯಾಂಡ್‌ಬ್ರೇಕ್ ಎಳೆಯಬಹುದೇ?
– ಕಾಲೇಜು ವಿದ್ಯಾರ್ಥಿ, ಮೂಡಿಗೆರೆ

ಎಳೆಯಬಹುದು, ಆದರೆ ಸಿನಿಮಾದಲ್ಲಿ ಎಳೆದಂತೆ ಅಲ್ಲ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರಗಳು ಕಟ್ಟಿಕೊಂಡು ಕಾರು ಅಡ್ಡಡ್ಡ ತಿರುಗುತ್ತದೆ. ಪೆಡಲನ್ನು ಬೇಗಬೇಗ ಒತ್ತಿ ಬಿಟ್ಟು ನೋಡಿ, ಕೆಲವೊಮ್ಮೆ ಒತ್ತಡ ಮರಳಿ ಬರುತ್ತದೆ. ಜೊತೆಗೇ ಒಂದೊಂದೇ ಗೇರ್ ಇಳಿಸುತ್ತ ಬನ್ನಿ. ಲಿವರಿನ ತುದಿಯ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಇಷ್ಟಿಷ್ಟೇ ಎಳೆಯಿರಿ. ಹಿಂಭಾಗ ಜಾರಿದರೆ ತಕ್ಷಣ ಸಡಿಲಿಸಲು ಬರುತ್ತದೆ. ಇಂಜಿನ್ ಆರಿಸಬೇಡಿ, ಸ್ಟೀರಿಂಗ್ ಗಟ್ಟಿಯಾಗುತ್ತದೆ. ಇಷ್ಟೆಲ್ಲ ಆಗುವುದಕ್ಕೆ ಕಾರಣ ಬಹಳ ಸಲ ಇಳಿಜಾರಿನುದ್ದಕ್ಕೂ ಬ್ರೇಕ್ ಮೇಲೆ ಇಟ್ಟ ಕಾಲು. ಎರಡನೇ ಗೇರಿನಲ್ಲಿ ಇಳಿದರೆ ಇಂಜಿನ್ನೇ ಕಾರನ್ನು ತಡೆದು ಹಿಡಿಯುತ್ತದೆ, ಬ್ರೇಕು ಕಾಯುವುದಿಲ್ಲ.

ಹೊಸ ಕಾರಿನಲ್ಲಿ ಲಿವರ್ ಬದಲು ಸ್ವಿಚ್ ಇದೆ. ನಂಬಬಹುದೇ?
– ನಿವೃತ್ತ ಅಂಚೆ ಅಧಿಕಾರಿ, ಮೈಸೂರು

ನಂಬಬಹುದು. ಅಲ್ಲಿ ಕೈಯ ಬದಲು ಮೋಟಾರು ಎಳೆಯುತ್ತದೆ, ಅಷ್ಟೆ. ಸ್ವಿಚ್ ಎತ್ತಿದ ಮೇಲೆ ಮೀಟರಿನಲ್ಲಿ ಕೆಂಪು ದೀಪ ಬಂದದ್ದನ್ನು ನೋಡಿಯೇ ಇಳಿಯಿರಿ. ಬ್ಯಾಟರಿ ಪೂರ್ತಿ ಸತ್ತರೆ ಹಾಕಿದ ಬ್ರೇಕು ಬಿಡಿಸಲಾಗದೆ ಕಾರು ನಿಂತಲ್ಲೇ ನಿಲ್ಲುತ್ತದೆ, ಆದ್ದರಿಂದ ಹಳೆಯ ಬ್ಯಾಟರಿಯನ್ನು ಎಳೆದಾಡಿಕೊಂಡು ಹೋಗಬೇಡಿ.

ಡ್ರೈವರ್ ಬಸ್ ನಿಲ್ಲಿಸಿ ಇಳಿಯುವ ಮೊದಲು ‘ಬುಸ್’ ಎಂದು ಗಾಳಿ ಬಿಡುವುದೇಕೆ?
– ಎಂಟನೇ ತರಗತಿ ವಿದ್ಯಾರ್ಥಿನಿ, ಹಾಸನ

ಈ ಸಲದ ಅತ್ಯುತ್ತಮ ಪ್ರಶ್ನೆ ನಿನ್ನದೇ ಪುಟ್ಟಿ. ಈಗಿನ ದೊಡ್ಡ ಬಸ್ಸು, ಲಾರಿಗಳ ಪಾರ್ಕಿಂಗ್ ಬ್ರೇಕು ಕಾರಿಗಿಂತ ತಲೆಕೆಳಗು. ಹಿಂದಿನ ಚಕ್ರಗಳ ಬಳಿ ಬಲವಾದ ಸ್ಪ್ರಿಂಗುಗಳಿರುತ್ತವೆ, ಬ್ರೇಕ್ ಹಿಡಿದಿಡುವುದು ಅವೇ. ಓಡುವಾಗ ಗಾಳಿಯ ಒತ್ತಡ ಆ ಸ್ಪ್ರಿಂಗುಗಳನ್ನು ಅದುಮಿಟ್ಟು ಬ್ರೇಕ್ ಬಿಡಿಸಿಟ್ಟಿರುತ್ತದೆ. ಡ್ರೈವರ್ ಗಾಳಿ ಹೊರಬಿಟ್ಟರೆ ಸ್ಪ್ರಿಂಗು ಚಾಚಿಕೊಂಡು ಚಕ್ರ ಹಿಡಿಯುತ್ತದೆ. ಗಾಳಿ ಸೋರಿಹೋದರೂ ಬಸ್ಸು ನಿಲ್ಲಬೇಕೇ ಹೊರತು ಓಡಬಾರದು ಎಂದು ಹೀಗೆ ಮಾಡಿದ್ದಾರೆ. ರಾತ್ರಿ ನಿಂತ ಬಸ್ಸಿನಲ್ಲಿ ಗಾಳಿ ಇಳಿದುಹೋಗಿದ್ದರೆ, ಬೆಳಿಗ್ಗೆ ಇಂಜಿನ್ ಓಡಿಸಿ ಟ್ಯಾಂಕಿಗೆ ಮತ್ತೆ ಗಾಳಿ ತುಂಬುವ ತನಕ ಅದು ಹೊರಡಲಾರದು.