ಟೈಟಾನಿಯಂ ಡೈಆಕ್ಸೈಡ್ ಕೋಟಿಂಗ್ ಬೂದು ಬಣ್ಣಕ್ಕೆ ತಿರುಗಿದೆ. ಅನೀಲ್ ಮಾಡುವುದು (ಕಾಯಿಸಿ ನಿಧಾನವಾಗಿ ತಣಿಸುವುದು) 400 ಡಿಗ್ರಿಗೋ, 500ಕ್ಕೋ?

ಎರಡೂ ಬೇಡ. ಇದೇ 400, 500ರ ಲೆಕ್ಕ ಹಿಡಿದುಕೊಂಡು ನಾನು ಒಂದು ಇಡೀ ಬ್ಯಾಚ್ ಕೆಡಿಸಿದ್ದೇನೆ.

ನನ್ನದು ಫ್ಯೂಸ್ಡ್ ಸಿಲಿಕಾ (ಶುದ್ಧ ಸಿಲಿಕಾ ಗಾಜು) ಮೇಲೆ ಇ-ಬೀಮ್‌ನಲ್ಲಿ, ಅಂದರೆ ಎಲೆಕ್ಟ್ರಾನ್ ಕಿರಣದಿಂದ ವಸ್ತುವನ್ನು ಆವಿಯಾಗಿಸಿ, ಹಾಕಿದ ಫಿಲ್ಮ್. ಛೇಂಬರಿನಲ್ಲಿ ಆಕ್ಸಿಜನ್ ಸಾಲದೆ ಬೂದು ಛಾಯೆ ಬಂದಿತ್ತು. ಗಾಳಿಯಲ್ಲೇ 300 ಡಿಗ್ರಿಗೆ ಕಾಯಿಸಿದೆ. ಬೂದು ಹೋಯಿತು, ಟ್ರಾನ್ಸ್‌ಮಿಷನ್ (ಆಚೆ ದಾಟುವ ಬೆಳಕಿನ ಪಾಲು) ಏರಿತು. ಅಲ್ಲಿಗೆ ಬಿಡಬೇಕಿತ್ತು ಅಲ್ವಾ? ಇನ್ನೂ ಸ್ವಲ್ಪ ಏರಲಿ ಅಂತ 400ಕ್ಕೆ ಹೋದೆ. ಇಳಿಯಿತು. ಆಕ್ಸಿಜನ್ ಇನ್ನೂ ಪೂರ್ತಿ ಸೇರಿಲ್ಲ ಅಂದುಕೊಂಡು 500ಕ್ಕೆ ಏರಿಸಿದೆ. ಇನ್ನಷ್ಟು ಇಳಿಯಿತು.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ಸ್ಪೆಕ್ಟ್ರೊಫೋಟೋಮೀಟರ್ ತೋರಿಸುವುದು ಎಷ್ಟು ಬೆಳಕು ನೇರವಾಗಿ ಆಚೆ ಬಂತು, ಎಷ್ಟು ಪ್ರತಿಫಲಿಸಿತು ಅಂತ ಮಾತ್ರ. ಟ್ರಾನ್ಸ್‌ಮಿಷನ್ ಮತ್ತು ಪ್ರತಿಫಲನ ಎರಡನ್ನೂ 100ರಿಂದ ಕಳೆದರೆ ಉಳಿಯುವುದು ನಷ್ಟ. ಅದರಲ್ಲಿ ಫಿಲ್ಮ್ ಹೀರಿಕೊಂಡ ಬೆಳಕೂ ಇದೆ, ಚದುರಿಸಿದ ಬೆಳಕೂ ಇದೆ. ನಾನು ಪೂರ್ತಿ ಹೀರಿಕೆಯ ಖಾತೆಗೆ ಬರೆದುಬಿಟ್ಟೆ. ಹೀರಿಕೆ ಆಕ್ಸಿಜನ್ ಕೊರತೆಯಿಂದ ಬರುವುದು, ಗಾಳಿಯಲ್ಲಿ ಕಾಯಿಸಿದರೆ ಇಳಿಯುತ್ತದೆ. ಚದುರುವಿಕೆ ಹಾಗಲ್ಲ. ಹಾಕಿದಾಗ ಅಮಾರ್ಫಸ್ (ಹರಳಿಲ್ಲದ ಸ್ಥಿತಿ) ಆಗಿದ್ದ ಫಿಲ್ಮ್ 300ರಿಂದ 400 ಡಿಗ್ರಿಯ ಆಸುಪಾಸಿನಲ್ಲಿ ಅನಟೇಸ್ ಎಂಬ ಬಗೆಯ ಹರಳಾಗುತ್ತದೆ. ಹರಳಿಗೂ ಹರಳಿಗೂ ನಡುವೆ ಗಡಿ ಬೀಳುತ್ತದೆ, ಮೇಲ್ಮೈ ಒರಟಾಗುತ್ತದೆ. ಇನ್ನೂ ಕಾಯಿಸಿದಷ್ಟೂ ಹರಳು ದೊಡ್ಡದಾಗುತ್ತದೆ, ಬೆಳಕು ಜಾಸ್ತಿ ಚದುರುತ್ತದೆ. ಸುಳಿವು ಗ್ರಾಫಿನಲ್ಲೇ ಇತ್ತು. 700 ನ್ಯಾನೋಮೀಟರ್ ಕಡೆ ನಷ್ಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ನೀಲಿ ಕಡೆ ಹೋದಂತೆ ಏರುತ್ತಿತ್ತು, ಚದುರುವಿಕೆಯ ಲಕ್ಷಣ ಅದು. ಕೊನೆಗೆ ದೀಪ ಆರಿಸಿ ಓರೆಯಾಗಿ ಟಾರ್ಚ್ ಬಿಟ್ಟೆ. ಫಿಲ್ಮ್ ತುಂಬ ಹಾಲಿನಂಥ ಮಬ್ಬು. ಬರೀ ಹೀರಿಕೆಯಾಗಿದ್ದರೆ ಕಪ್ಪಗೇ ಕಾಣಬೇಕಿತ್ತು.

ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಹರಳು ಗುರುತಿಸುವ ಯಂತ್ರ) ಇದ್ದರೆ ತಾಮ್ರದ ಟ್ಯೂಬಿನಲ್ಲಿ 25.3 ಡಿಗ್ರಿ ಕೋನದ (2θ) ಹತ್ತಿರ ಅನಟೇಸ್ ಪೀಕ್ ಹುಡುಕಿ. ಇಲ್ಲದಿದ್ದರೆ ಟಾರ್ಚೇ ಸಾಕು.

ಬೂದು ಬಂದಿದೆ ಅಂದರೆ ಫರ್ನೇಸಿಗಿಂತ ಮೊದಲು ಛೇಂಬರ್ ಸರಿಮಾಡಿ. ಆಕ್ಸಿಜನ್ ಏರಿಸಿ, ಫಿಲ್ಮ್ ಕೂರುವ ವೇಗ ತಗ್ಗಿಸಿ. ಈಗ ಕೈಲಿರುವುದನ್ನು ಉಳಿಸಲು 300ರ ಒಳಗೇ ಹೆಚ್ಚು ಹೊತ್ತು ಇಡಿ, ಅದೂ ಮೊದಲು ಒಂದು ಟೆಸ್ಟ್ ತುಂಡಿನ ಮೇಲೆ. ಹೆಚ್ಚಿನ ಶಾಖ ತಡೆಯಲೇಬೇಕಾದ ಕೆಲಸವಾದರೆ ಟೈಟಾನಿಯಂ ಡೈಆಕ್ಸೈಡ್ ಬಿಟ್ಟು ಟ್ಯಾಂಟಲಮ್ ಆಕ್ಸೈಡ್ ತೆಗೆದುಕೊಳ್ಳಿ, ಅದು ಸುಮಾರು 600 ಡಿಗ್ರಿವರೆಗೂ ಅಮಾರ್ಫಸ್ ಆಗೇ ಇರುತ್ತದೆ. ಗುರುತ್ವ ಅಲೆ ಹಿಡಿದ ಲೈಗೋ ವೀಕ್ಷಣಾಲಯದ ಕನ್ನಡಿಗಳಲ್ಲೂ ಟೈಟಾನಿಯಂ ಬೆರೆಸಿದ ಟ್ಯಾಂಟಲಮ್ ಆಕ್ಸೈಡ್ ಮತ್ತು ಸಿಲಿಕಾ ಪದರಗಳೇ ಇರುವುದು.

ನಿಮ್ಮದು ಬಹುಪದರದ ಫಿಲ್ಟರ್ ಆಗಿದ್ದರೆ ಇನ್ನೊಂದು ತಲೆನೋವು ಇದೆ. ಕಾಯಿಸಿದಾಗ ಫಿಲ್ಮ್ ಗಟ್ಟಿಯಾಗಿ ವಕ್ರೀಭವನ ಸೂಚ್ಯಂಕ ಏರುತ್ತದೆ, ದಪ್ಪ ಕುಗ್ಗುತ್ತದೆ. ಎರಡೂ ಸರಿಸಮ ಆಗುವುದಿಲ್ಲ, ಹಾಗಾಗಿ ಫಿಲ್ಟರಿನ ಪೀಕ್ ಬೇರೆ ತರಂಗಾಂತರಕ್ಕೆ ಸರಿಯುತ್ತದೆ. ಕಾಯಿಸಿದ ಮೇಲಿನ ಅಳತೆ ಇಟ್ಟುಕೊಂಡೇ ಡಿಸೈನ್ ಮಾಡಿ. ತಣಿಸುವಾಗ ನಿಮಿಷಕ್ಕೆ 1–2 ಡಿಗ್ರಿ ಸಾಕು. ಎಷ್ಟೇ ಅವಸರ ಇದ್ದರೂ ಫರ್ನೇಸ್ ಬಾಗಿಲು ಮಾತ್ರ ತೆಗೆಯಬೇಡಿ, ಫಿಲ್ಮ್ ಬಿರುಕು ಬಿಡಬಹುದು.