ರೋಮನ್ ಇಟ್ಟಿಗೆಯ ಮೇಲಿನ ಮುದ್ರೆಗಳು ಯಾರ ಲೆಕ್ಕಕ್ಕೆ?

ಪ್ರಶ್ನೆ: ಪ್ರಾಚೀನ ರೋಮಿನ ಇಟ್ಟಿಗೆ, ಹೆಂಚುಗಳ ಮೇಲೆ ಅಕ್ಷರಗಳ ಮುದ್ರೆ ಇರುತ್ತಿತ್ತಂತೆ. ಅದು ತಯಾರಕರ ಜಾಹೀರಾತೇ? ಅದರಿಂದ ನಮಗೆ ತಿಳಿಯುವುದೇನು?
– ಓದುಗರೊಬ್ಬರು, ಧಾರವಾಡ

ಉತ್ತರ: ಜಾಹೀರಾತು ಎನ್ನುವುದು ಕಷ್ಟ. ಗೋಡೆ ಎದ್ದ ಮೇಲೆ ಇಟ್ಟಿಗೆಯ ಮುದ್ರೆ ಗಾರೆಯೊಳಗೆ ಹುದುಗಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಲ್ಲದೆ ಎಲ್ಲ ಇಟ್ಟಿಗೆಗಳಿಗೂ ಮುದ್ರೆ ಒತ್ತುತ್ತಿರಲಿಲ್ಲ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಮಣ್ಣು ತೆಗೆಯುವ ಜಮೀನಿನ ಒಡೆಯರಿಗೂ ಗೂಡು ನಡೆಸುವ ಮೇಲ್ವಿಚಾರಕರಿಗೂ ನಡುವೆ ಇದ್ದ ಕರಾರು ಮತ್ತು ಲೆಕ್ಕಕ್ಕಾಗಿ ಈ ಮುದ್ರೆ ಹುಟ್ಟಿತೆಂಬ ವಾದವೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಹಸಿ ಮಣ್ಣಿನ ಮೇಲೆ ಅಚ್ಚೊತ್ತಿ, ಒಣಗಿಸಿ, ಸುಡುತ್ತಿದ್ದರು. ರೋಮ್ ನಗರದ ಸುತ್ತಮುತ್ತ ಸಿಗುವ ಕ್ರಿ.ಶ. 2ನೆಯ ಶತಮಾನದ ಮುದ್ರೆಗಳಲ್ಲಿ ಒಡೆಯರ ಹೆಸರು, ಇಟ್ಟಿಗೆ ಕಾರ್ಖಾನೆಯ ಹೆಸರು, ಮೇಲ್ವಿಚಾರಕನ ಹೆಸರು, ಕೆಲವೊಮ್ಮೆ ಆ ವರ್ಷದ ಇಬ್ಬರು ಉನ್ನತ ಅಧಿಕಾರಿಗಳಾದ ಕಾನ್ಸಲ್‌ಗಳ ಹೆಸರೂ ಇರುತ್ತವೆ. ಪೇಟಿನಸ್ ಮತ್ತು ಅಪ್ರೋನಿಯಾನಸ್ ಕಾನ್ಸಲ್‌ಗಳಾಗಿದ್ದ 123ರ ಮುದ್ರೆಗಳಂತೂ ಅಸಾಧಾರಣ ಸಂಖ್ಯೆಯಲ್ಲಿ ದೊರೆತಿವೆ. ಒಡೆಯರ ಸಾಲಿನಲ್ಲಿ ಮಹಿಳೆಯರೂ ಇದ್ದಾರೆಂಬುದು ಗಮನಿಸಬೇಕಾದ ಸಂಗತಿ. ಅವರಲ್ಲಿ ಪ್ರಮುಖಳಾದ ಡೊಮಿಟಿಯಾ ಲುಸಿಲ್ಲಾ ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ನ ತಾಯಿ. ಅವಳ ಇಟ್ಟಿಗೆ ಕಾರ್ಖಾನೆಗಳು ಮಗನಿಗೆ ಬಂದವು, ಮತ್ತು 3ನೆಯ ಶತಮಾನದ ಆರಂಭದ ಹೊತ್ತಿಗೆ ರಾಜಧಾನಿಯ ಈ ಉದ್ಯಮ ಬಹುಪಾಲು ಚಕ್ರವರ್ತಿಯ ಕೈಸೇರಿತ್ತು. ಒಂದು ಉದ್ಯಮ ಖಾಸಗಿ ಕುಟುಂಬಗಳಿಂದ ಅರಮನೆಗೆ ಜಾರಿಹೋದ ಬಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪುರಾವೆ ಪ್ರಾಚೀನ ಜಗತ್ತಿನಲ್ಲಿ ಅಪರೂಪ.

ಸೈನ್ಯವೂ ಹೆಂಚು ಸುಡುತ್ತಿತ್ತು. ಬ್ರಿಟನ್ನಿನ ಚೆಸ್ಟರ್ ಕೋಟೆಯಲ್ಲಿದ್ದ 20ನೆಯ ಲೀಜನ್ನಿನ (ರೋಮನ್ ಸೇನಾದಳದ) ಹೆಂಚುಗಳು ಡೀ ನದಿಯ ದಡದ ಹೋಲ್ಟ್‌ನಲ್ಲಿ ತಯಾರಾಗುತ್ತಿದ್ದವು. ಸೂರಿನಂಚಿಗೆ ಕೂರಿಸುವ ಬಿಲ್ಲೆಗಳ ಮೇಲೆ ಆ ದಳದ ಲಾಂಛನವಾದ ಕಾಡುಹಂದಿಯಿದೆ.

ದುಡಿದವರ ಸುದ್ದಿ ಮಾತ್ರ ಮುದ್ರೆಗಿಂತ ಹೆಚ್ಚಾಗಿ ಬೆರಳಿನಲ್ಲೋ ಕಡ್ಡಿಯಲ್ಲೋ ಗೀಚಿದ ಬರಹಗಳಲ್ಲಿ ಸಿಗುತ್ತದೆ. ಲಂಡನ್ನಿನಲ್ಲಿ ದೊರೆತ ಒಂದು ತುಂಡಿನ ಮೇಲೆ, ಆಸ್ಟಾಲಿಸ್ ಎಂಬವನು 13 ದಿನಗಳಿಂದ ದಿನಾಲೂ ತನ್ನಷ್ಟಕ್ಕೆ ಅಲೆಯುತ್ತಿದ್ದಾನೆಂದು ಯಾರೋ ಬರೆದಿದ್ದಾರೆ. ಇಟಲಿಯ ಪಿಯೆತ್ರಬೊಂದಾಂತೆಯ ದೇವಾಲಯದ ಒಂದು ಹೆಂಚಿನ ಮೇಲೆ, ಸುಮಾರು ಕ್ರಿ.ಪೂ. 100ರಲ್ಲಿ, ಇಬ್ಬರು ದಾಸಿಯರು ಪಾದರಕ್ಷೆಯ ಗುರುತು ಒತ್ತಿ, ಒಬ್ಬಳು ದಕ್ಷಿಣ ಇಟಲಿಯ ಹಳೆಯ ಓಸ್ಕನ್ ಭಾಷೆಯಲ್ಲೂ ಇನ್ನೊಬ್ಬಳು ಲ್ಯಾಟಿನ್ನಿನಲ್ಲೂ ತಮ್ಮ ಹೆಸರು ಬರೆದಿದ್ದಾರೆ. ಒಡೆಯರ ಹೆಸರು ಸಾವಿರಾರು ಬಾರಿ ಅಚ್ಚಾದ ಈ ಉದ್ಯಮದಲ್ಲಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವ ದಾಖಲೆ ಇದೇ.

ಪ್ರಶ್ನೆ: ಮುದ್ರೆಯನ್ನು ನೋಡಿ ಕಟ್ಟಡದ ಕಾಲವನ್ನು ಖಚಿತವಾಗಿ ಹೇಳಬಹುದೇ?
– ಅದೇ ಓದುಗರು

ಉತ್ತರ: ಬಹುಮಟ್ಟಿಗೆ ಹೇಳಬಹುದು, ಆದರೆ ಎಚ್ಚರಿಕೆ ಬೇಕು. ರೋಮಿನ ಪ್ಯಾಂಥಿಯನ್ ದೇವಾಲಯದ ಮುಂಭಾಗದಲ್ಲಿ, ಇದನ್ನು ಅಗ್ರಿಪ್ಪ (ಚಕ್ರವರ್ತಿ ಆಗಸ್ಟಸ್‌ನ ಸೇನಾಪತಿ) ಕಟ್ಟಿಸಿದನೆಂಬ ಶಾಸನವಿರುವುದರಿಂದ ಈಗಿರುವ ಕಟ್ಟಡವೂ ಅವನದೇ ಎಂದು ಬಹುಕಾಲ ನಂಬಲಾಗಿತ್ತು. ಫ್ರಾನ್ಸಿನ ವಾಸ್ತುಶಿಲ್ಪಿ ಜಾರ್ಜ್ ಶೆದಾನ್ 1892ರಲ್ಲಿ ಅದರ ಗೋಡೆಯ ಇಟ್ಟಿಗೆಗಳನ್ನು ಪರೀಕ್ಷಿಸಿದಾಗ, ಅಗ್ರಿಪ್ಪನಿಗಿಂತ ಒಂದು ಶತಮಾನಕ್ಕೂ ಹೆಚ್ಚು ಈಚಿನವನಾದ ಚಕ್ರವರ್ತಿ ಹೇಡ್ರಿಯನ್‌ನ ಕಾಲದ ಮುದ್ರೆಗಳು ಕಂಡವು. ಮುದ್ರೆಗಳನ್ನು ಮತ್ತೆ ಪರಿಶೀಲಿಸಿದ ಇತ್ತೀಚಿನ ವಿದ್ವಾಂಸರು, ಕೆಲಸ ಅದಕ್ಕೂ ಮುಂಚೆ, ಅವನ ಹಿಂದಿನ ಚಕ್ರವರ್ತಿ ಟ್ರಾಜನ್‌ನ ಕೊನೆಯ ವರ್ಷಗಳಲ್ಲೇ ಆರಂಭವಾಗಿತ್ತೆಂದು ವಾದಿಸುತ್ತಾರೆ. ಇಟ್ಟಿಗೆಗಳನ್ನು ವರ್ಷಗಟ್ಟಲೆ ದಾಸ್ತಾನು ಇಡುತ್ತಿದ್ದರು, ಕೆಡವಿದ ಕಟ್ಟಡದವನ್ನು ಮತ್ತೆ ಬಳಸುತ್ತಿದ್ದರು. ಆದ್ದರಿಂದ ಒಂದೇ ಮುದ್ರೆ ಸಿಕ್ಕರೆ, ಆ ಗೋಡೆ ಅದರ ವರ್ಷಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದು. ಗೋಡೆಯುದ್ದಕ್ಕೂ ಒಂದೇ ಅವಧಿಯ ಮುದ್ರೆಗಳು ಸಿಕ್ಕಾಗ ಮಾತ್ರ ಕಾಲವನ್ನು ಧೈರ್ಯವಾಗಿ ನಿರ್ಧರಿಸಬಹುದು.